ಗೌತಮಿಯ ಸಂದರ್ಶನಕ್ಕೆ ನಿಂತ ಗಿರಣಿ

ಸೂಡಿ ಹಳ್ಳಿಯ ಗೌತಮಿಗೆ ಬೆಳಿಗ್ಗೆ ಹತ್ತಕ್ಕೆ ಸಂದರ್ಶನ. ಪಕ್ಕದ ಶಿವನಪ್ಪನ ಹಿಟ್ಟಿನ ಗಿರಣಿ ಶುರುವಾಗುವುದೂ ಹತ್ತಕ್ಕೇ. ತೊಂದರೆ ಹುಟ್ಟಿದ್ದು ಅಲ್ಲಿಂದ.

ಹುಬ್ಬಳ್ಳಿಯ ಕಂಪನಿಯೊಂದು ರೈತರಿಗಾಗಿ ಆ್ಯಪ್ ಮಾಡಿತ್ತು. ಫೋನ್ ಮಾಡುವ ರೈತರಿಗೆ ಮನೆಯಲ್ಲೇ ಕೂತು ಕನ್ನಡದಲ್ಲಿ ಉತ್ತರ ಹೇಳುವ ಕೆಲಸ. ಆದರೆ ಮೊದಲ ಸಂದರ್ಶನ ಮಾಡುವುದು ಮನುಷ್ಯರಲ್ಲ, ಕಂಪ್ಯೂಟರ್. ಅದು ಕೇಳಿದ್ದಕ್ಕೆ ಮೊಬೈಲಿನ ಮುಂದೆ ಮಾತಾಡಬೇಕು, ಸುತ್ತ ಸದ್ದಿರಬಾರದು. ಇಂಥ ಮೂರು ಸಂದರ್ಶನಗಳಲ್ಲಿ ಗೌತಮಿ ಆಗಲೇ ಫೇಲಾಗಿದ್ದಳು: ಒಮ್ಮೆ ಕೋಳಿ ಕೂಗಿ, ಒಮ್ಮೆ ಕರೆಂಟ್ ಹೋಗಿ, ಒಮ್ಮೆ ಎಲ್ಲ ಸರಿಯಿದ್ದೂ.

ಅವ್ವ ಅಡಿವೆವ್ವ ಅಂದಿನ ಕೂಲಿ ಬಿಟ್ಟು ಗಿರಣಿಗೆ ಹೋದಳು.

"ಶಿವನಪ್ಪಣ್ಣ, ಗೌತಮಿ ಸಂದರ್ಶನ ಐತಿ, ಒಂದ್ ತಾಸು ಗಿರಣಿ ನಿಂದ್ರಸ್ತಿಯೇನಪಾ?"

"ಒಂದ್ ತಾಸ್ಯಾಕವಾ, ಎರಡ್ ತಾಸು ನಿಂದ್ರಸ್ತೀನಿ. ಹುಡುಗಿಗಿ ಕೆಲಸ ಹತ್ತಲಿ."

ಅಷ್ಟಕ್ಕೇ ಬಿಡದೆ ಅವನು ಸ್ಟೂಲು ತಂದು ಗೌತಮಿಯ ಕಿಟಕಿಯ ಕೆಳಗೆ ಕೂತುಬಿಟ್ಟ, ಯಾರೂ ಗದ್ದಲ ಮಾಡದಂತೆ ಕಾಯಲಿಕ್ಕೆ. ಗೌತಮಿಗೆ ಕಣ್ಣು ತುಂಬಿ ಬಂತು. ತನಗಾಗಿ ಯಾರೂ ಇಷ್ಟು ಮಾಡಿರಲಿಲ್ಲ.

ಹತ್ತಕ್ಕೆ ಕಂಪ್ಯೂಟರ್ ಸಕ್ಕರೆಯಂಥ ದನಿಯಲ್ಲಿ ಕೇಳಿತು: "ನಿಮ್ಮ ಪರಿಚಯ ಹೇಳಿ."

ಗೌತಮಿ ಮೊಬೈಲಿನ ಹತ್ತಿರ ಬಾಗಿ ಹೆಸರು ಹೇಳಿದಳು. ಬಾಯಿಂದ ಹೊರಟದ್ದು ಜೋಳದ ಚೀಲದಲ್ಲಿ ಸಿಕ್ಕಿಬಿದ್ದ ಇಲಿಮರಿಯ ದನಿ. ಅಷ್ಟರಲ್ಲಿ ಹೊರಗೆ ಜೋಳದ ಬುಟ್ಟಿ ಹೊತ್ತವರು ಬರತೊಡಗಿದ್ದರು. ಗಿರಣಿ ಯಾಕೆ ಬಂದ್ ಎಂದು ಯಾರೋ ರೇಗಿದರು.

"ಇಪ್ಪತ್ತ್ ವರ್ಷಾತು ನಾ ಗಿರಣಿ ನಡಸಾಕತ್ತಿ," ಶಿವನಪ್ಪ ಹೇಳುತ್ತಿದ್ದ. "ಯಾರಿಗ್ಯಾದ್ರೂ ಒಂದ್ ಹಿಡಿ ಹಿಟ್ಟ್ ಕಡಿಮಿ ಕೊಟ್ಟೇನೇನು?"

"ಸಿಟ್ಟಾದ ಗ್ರಾಹಕರನ್ನು ಹೇಗೆ ಸಮಾಧಾನ ಮಾಡುತ್ತೀರಿ?" ಎಂದಿತು ಕಂಪ್ಯೂಟರ್.

ಗೌತಮಿ ತೊದಲುತ್ತಿರುವಾಗ ಹೊರಗೆ ಓಣಿಯ ರೇಣವ್ವ ಜಗಳಕ್ಕೆ ನಿಂತಳು. "ಮನ್ಯಾಗ ಬೀಗರು ಬಂದಾರ. ರೊಟ್ಟಿ ಯಾವಾಗ ಬಡೀಲಿ ನಾ?"

"ಯಕ್ಕಾ, ತಪ್ಪು ನಂದ. ಬುಟ್ಟಿ ಇಲ್ಲೇ ಇಟ್ಟ್ ಹೋಗ್ರಿ, ಬೀಸಿ ನಾನ ಮನಿತನಕ ತಂದ್ ಕೊಡ್ತೀನಿ. ನಡೀರಿ, ಒಂದೀಟು ಚಹಾ ಕುಡೀರಿ."

"ನಿಮ್ಮ ದೌರ್ಬಲ್ಯ ಯಾವುದು?" ಎಂದಿತು ಕಂಪ್ಯೂಟರ್.

ಗೌತಮಿ ಬೆವರು ಒರೆಸಿಕೊಂಡಳು. ಹೊರಗೆ ಶಿವನಪ್ಪ ಯಾರಿಗೋ ಹೇಳುತ್ತಿದ್ದ: "ಏನ್ ಮಾಡ್ಲಿ, ಕೇಳಾಕ ಬಂದೋರ್ಗೆ ಇಲ್ಲ ಅನ್ನಾಕ ಬರೂದಿಲ್ಲ ನನಗ."

ಸಂದರ್ಶನ ಮುಗಿದ ಹತ್ತೇ ನಿಮಿಷಕ್ಕೆ ಫಲಿತಾಂಶ ಬಂತು. ನೂರಕ್ಕೆ ತೊಂಬತ್ತೊಂದು. ಗೌತಮಿ ಓಡಿಬಂದು ಶಿವನಪ್ಪನ ಕಾಲಿಗೆರಗಿದಳು. ರೇಣವ್ವನೂ ಸಿಟ್ಟು ಮರೆತು ಅವಳ ಗದ್ದ ಹಿಡಿದು ಮುದ್ದಿಸಿದಳು. ಓಣಿಗೆ ಓಣಿಯೇ ಸೇರಿತು.

ಆಗಲೇ ಫೋನ್ ಬಂತು.

"ನಾ ಅಫ್ರೀನ ಅಂತ್ರಿ, ಕಂಪನಿಯಿಂದ. ನಿಮ್ಮ ಉತ್ತರ ಭಾಳ ಚಲೋ ಇದ್ದುವು. ಆದ್ರ ಈ ದನಿ ಗಂಡಸರದ ಐತೆಲ್ರಿ?"

ಅಫ್ರೀನ ರೆಕಾರ್ಡಿಂಗ್ ಹಾಕಿದಳು. ಸ್ಪೀಕರಿನಿಂದ ಓಣಿಯೆಲ್ಲ ಕೇಳುವಂತೆ ಬಂತು: "ಯಕ್ಕಾ, ತಪ್ಪು ನಂದ..."

ಗೌತಮಿಗೆ ಆಗ ತಿಳಿಯಿತು. ಕಂಪ್ಯೂಟರಿಗೆ ಅವಳ ಇಲಿಮರಿ ದನಿ ಕೇಳಿಸಿಯೇ ಇರಲಿಲ್ಲ; ಕಿಟಕಿಯಾಚೆಯ ಶಿವನಪ್ಪನ ಮಾತನ್ನೇ ಅದು ಉತ್ತರವೆಂದು ಎಣಿಸಿತ್ತು. ನೆಗಡಿಯಾಗಿತ್ತು ಎನ್ನಬಹುದಿತ್ತು. ಆದರೆ ತನಗಾಗಿ ಅಡುಗೆ ತಡಮಾಡಿಕೊಂಡು ನಿಂತವರ ನಡುವೆ ಸುಳ್ಳು ನಾಲಿಗೆಗೆ ಬರಲಿಲ್ಲ. "ನಂದಲ್ರೀ ಮೇಡಂ. ನಮ್ಮ ಗಿರಣಿ ಕಾಕಾಂದು," ಎಂದಳು.

ಆಚೆ ಅಫ್ರೀನ ನಕ್ಕಳು. "ಖರೇ ಹೇಳಿದ್ರಿ, ಭಾಳ ಉಪಕಾರ ಆತು. ಸ್ವಲ್ಪ ಅವರಿಗಿ ಫೋನ್ ಕೊಡ್ರಿ."

ಶಿವನಪ್ಪ ಫೋನನ್ನು ಬಿಸಿ ರೊಟ್ಟಿಯಂತೆ ಬೆರಳ ತುದಿಯಲ್ಲಿ ಹಿಡಿದು ಕಾಲು ತಾಸು "ಹೌದ್ರಿ, ಆತ್ರಿ" ಎಂದ. ಇಟ್ಟಾಗ ಅವನ ಮುಖದಲ್ಲಿ ತಪ್ಪು ಮಾಡಿದ ಕಳೆ.

"ಗೌತಮವ್ವಾ, ನನ್ನ ಕೆಲಸಕ್ಕ ತಗೊಂಡ್ರಂತ. ನಾಳಿಂದ ಎಂಟ್ ತಾಸು ಫೋನಿನ್ಯಾಗ ಮಾತಾಡೂದು. ನಿನ್ನ ಋಣ ಹ್ಯಾಂಗ ತೀರಸ್ಲಿ?"

ಗೌತಮಿಗೆ ಅಳು, ನಗು ಒಟ್ಟಿಗೇ ಬಂದವು. ಸಿಟ್ಟು ಮಾತ್ರ ಹುಡುಕಿದರೂ ಸಿಗಲಿಲ್ಲ. "ಚಲೋನ ಆತು ಬಿಡ್ರಿ ಕಾಕಾ," ಎಂದಳು.

ಶಿವನಪ್ಪ ತಲೆ ತುರಿಸಿಕೊಂಡು ನಿಂತ. ಆಮೇಲೆ ಸೊಂಟದಿಂದ ಗಿರಣಿಯ ಕೀಲಿ ಬಿಚ್ಚಿ ಅವಳ ಕೈಗಿಟ್ಟ.

"ಇದನ್ನ ನೋಡ್ಕೊಳ್ಳಾಕ ಒಬ್ಬರು ಬೇಕಾಗೇತಿ. ನೀ ಬಾ. ಇಲ್ಲಿ ಪರೀಕ್ಷಾ ಗಿರೀಕ್ಷಾ ಏನೂ ಇಲ್ಲ."