ನಬೀಸಾಬನ ತೋಟದ ಬೋರ್ಡು

ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ನಬೀಸಾಬನಿಗೆ ಈ ಗತಿ ಬರುತ್ತಿರಲಿಲ್ಲ. ಚಹಾದಂಗಡಿಯಲ್ಲಿ, ಊರ ಹೊಲವನ್ನೆಲ್ಲ ಬಾಡಿಗೆಗೆ ಉಳುವ ಫಕ್ಕೀರಪ್ಪನ ಎದುರೇ, "ಇವತ್ತ ನಮ್ಮ ಮಾವಿನ ತ್ವಾಟ ನೋಡಾಕ ಕೃಷಿ ಮೇಡಂ ಬರಾಕತ್ತಾರ" ಎಂದುಬಿಟ್ಟ.

ಹಾನಗಲ್ಲ ಕಡೆ ಅವನ ತೋಟವೆಂದರೆ ನಗೆಪಾಟಲು. ಮೂರು ವರ್ಷದಿಂದ ನೇಗಿಲು ಸೋಕಿರಲಿಲ್ಲ. ಮೊಣಕಾಲುದ್ದ ಹುಲ್ಲು, ಉದುರಿದ ಎಲೆ, ಸವರಿದ ಟೊಂಗೆ ಎಲ್ಲ ಮರದ ಬುಡದಲ್ಲೇ. ಉತ್ತರೆ ಮಣ್ಣಿನ ಇಂಗಾಲ ಗಾಳಿಗೆ ಹೋಗುತ್ತದೆ, ಕಸ ಕೊಳೆಯಲು ಬಿಟ್ಟರೆ ಅಲ್ಲೇ ನಿಂತು ನೆಲಕ್ಕೆ ಕಸುವಾಗುತ್ತದೆ ಎಂದು ಕೃಷಿ ಇಲಾಖೆಯ ಮೇಡಂ ಸುಧಾರಾಣಿ ಹೇಳಿದ್ದರು. ಊರಿನವರು ಮೈಗಳ್ಳ ಎಂದರು. ಹೆಂಡತಿ ದಾವಲಬಿಗೆ ತವರಿನಲ್ಲಿ ತಲೆಯೆತ್ತಲು ಆಗುತ್ತಿರಲಿಲ್ಲ. ಇಂದು 'ಮಾದರಿ ತೋಟ' ಎಂಬ ಬೋರ್ಡು ಬಿದ್ದರೆ ಎಲ್ಲರ ಬಾಯಿಗೂ ಬೀಗ.

ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕಾದ ಮೇಲೆ, ಬಸ್ಸಿಳಿದ ಮೇಡಂ ಅವರ ಬಗಲಲ್ಲಿ ಬೋರ್ಡು ಕಂಡು ಅವನ ಎದೆ ಉಬ್ಬಿತು. ತೋಟಕ್ಕೆ ಬಂದಾಗ ಅದೇ ಎದೆ ಧಸಕ್ಕೆಂದಿತು. ಒಂದು ಕಡ್ಡಿ ಹುಲ್ಲಿಲ್ಲ. ನೆಲವೆಲ್ಲ ಉತ್ತು ಹೆಂಟೆಯೆದ್ದಿತ್ತು. ಮೂಲೆಯಲ್ಲಿ ಕಸ ಹೊಗೆಯಾಡುತ್ತಿತ್ತು. ಫಕ್ಕೀರಪ್ಪ ಟ್ರ್ಯಾಕ್ಟರಿನಿಂದಿಳಿದು ಬೆವರೊರೆಸಿಕೊಂಡ.

"ಯಾರು ಹೇಳಿದ್ರೋ ನಿನಗ?" ನಬೀಸಾಬ ಟ್ರ್ಯಾಕ್ಟರಿಗೆ ಅಡ್ಡ ನಿಂತು ಕೇಳಿದ.

"ಹೇಳೂದ್ಯಾಕ? ದೊಡ್ಡವ್ರು ಬರೂಮುಂದ ಅಂಗಳದ ಕಸಾ ಹೊಡ್ಯಾಂಗಿಲ್ಲೇನು? ಊರ ಮರ್ಯಾದಿ ಪ್ರಶ್ನೆ. ಡೀಸೆಲ್ ಸೈತ ನಂದ."

"ಗೇಟ್ ನಾನ ತಗದ ಕೊಟ್ಟೆ," ದಾವಲಬಿ ಉಪ್ಪಿಟ್ಟಿನ ಬುಟ್ಟಿ ಹಿಡಿದು ಹೇಳಿದಳು. "ಈಗ ತ್ವಾಟ ತ್ವಾಟದಂಗ ಕಾಣ್ತೈತಿ ನೋಡ್ರಿ."

ನಬೀಸಾಬ ಬದುವಿನ ಮೇಲೆ ಕೂತುಬಿಟ್ಟ. ಮೇಡಂ ಒಂದು ಮಣ್ಣಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿಮಾಡಿ ನೋಡಿದರು.

"ನಬೀಸಾಬರ, ನಿಮ್ಮ ಮಣ್ಣು ಹೋದ ವರ್ಷ ಪರೀಕ್ಷೆ ಮಾಡೀವಿ. ಉತ್ತು, ಸುಟ್ಟಮ್ಯಾಲ ಎಷ್ಟು ಇಂಗಾಲ ಹೋಗ್ತೈತಿ ಅಂತ ಮಂದಿಗೆ ತೋರಸಾಕ ಒಂದು ತ್ವಾಟ ಬೇಕಾಗಿತ್ತು. ಯಾರೂ ಒಪ್ಪಿರಲಿಲ್ಲ. ಇಲ್ಲೇ ಒಂದು ಬೋರ್ಡು ಹಾಕೂಣು."

ನಬೀಸಾಬನಿಗೆ ಜೀವ ಬಂತು. "ಮಾದರಿ ತ್ವಾಟ ಅಂತನ ಏನ್ರಿ?"

"ಅದಕ್ಕ ಉಳಲಾರದ ಬಿಟ್ಟ ತ್ವಾಟ ಬೇಕ್ರಿ," ಎಂದ ಮೇಡಂ ಅವರ ಕಣ್ಣು ಬೇಲಿಯಾಚೆ ನಿಂತಿತು. ಅಲ್ಲಿ ಸೊಂಟದುದ್ದ ಹುಲ್ಲು, ಮರದ ಕೆಳಗೆಲ್ಲ ಕೊಳೆತ ಎಲೆ. "ಅದು ಯಾರದ?"

ಫಕ್ಕೀರಪ್ಪ ನಾಚಿಕೊಂಡು ತಲೆ ಕೆರೆದುಕೊಂಡ. "ನಂದರಿ. ಮಂದೀದು ಉಳೂದ್ರಾಗ ನಂದಕ್ಕ ಪುರಸೊತ್ತ ಸಿಕ್ಕಿಲ್ಲ. ವರ್ಷಗಟ್ಟಲೆ ಆತು."

ಸಂಜೆಗೆ ಫಕ್ಕೀರಪ್ಪನ ಬೇಲಿಗೆ 'ಮಾದರಿ ತೋಟ' ಬಿತ್ತು. ನಬೀಸಾಬನ ಗೇಟಿಗೆ ಒಂದು ಹಲಗೆ ಕಟ್ಟಿದರು: 'ಹೀಗೆ ಮಾಡಬೇಡಿ'. ಕೆಳಗೆ ದೊಡ್ಡ ಅಕ್ಷರದಲ್ಲಿ ಅವನ ಹೆಸರು.

ಫಕ್ಕೀರಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಬ್ಯಾಸರ ಮಾಡ್ಕೋಬ್ಯಾಡೋ. ಬೋರ್ಡಿಗೆ ಹುಲ್ಲು ಅಡ್ಡ ಬಂದ್ರ ಹೇಳು, ಮತ್ತ ಉತ್ತ ಕೊಡ್ತೇನಿ."