ಮಗಳ ಮಾನ ನೊಂದ ದಿನ

ಕುರ್ಲಾದ ಚಾಳಿನಲ್ಲಿ ಖೋಲಿ ಹಿಡಿದ ದಿನವೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದ್ದೆ: ನೆಗಡಿ, ಜ್ವರ ಎಂದು ಡಾಕ್ಟರ ಮೆಟ್ಟಿಲು ಹತ್ತುವವನು ಈ ವೆಂಕಟಸುಬ್ಬಯ್ಯನಲ್ಲ! ನನ್ನ ಅಂಗೈ ಹಣೆಗೆ ತಾಗಿದರೆ ಸಾಕು, ಜ್ವರ ತನ್ನ ಹೆಸರು, ಊರು, ಗೋತ್ರ ಎಲ್ಲ ಒಪ್ಪಿಸಿಬಿಡುತ್ತದೆ ಎಂಬುದು ನನ್ನ ನಂಬಿಕೆ. ನಂಬಿಕೆಯೇನು ಬಂತು, ಜಂಬ.

ಆ ಶನಿವಾರ ಬೆಳಿಗ್ಗೆ ಆರು ವರ್ಷದ ಮಗಳು ಶಾಮಲಾಳ ಮೈ ಸುಡುತ್ತಿತ್ತು. ಎರಡು ಸಲ ವಾಂತಿಯೂ ಆಗಿತ್ತು. ಅಂಗೈ ಇಟ್ಟೆ, ತೀರ್ಪು ಕೊಟ್ಟೆ: "ಅಜೀರ್ಣ. ಮೆಣಸಿನ ಸಾರು ಕೊಡು, ಸಂಜೆಗೆ ಕುಣೀತಾಳೆ."

"ಯಾಕೋ ಸರಿಯಿಲ್ಲ ಕಣ್ರೀ. ಬೆಳಕಿಗೆ ಕಣ್ಣೇ ಬಿಡ್ತಿಲ್ಲ. ಡಾಕ್ಟರಿಗೆ ತೋರಿಸೋಣ," ಎಂದಳು ನನ್ನ ಹೆಂಡತಿ ಅಮ್ಮಣ್ಣಿ.

"ಸ್ಕೂಲಿಗೆ ಚಕ್ಕರ್ ಹೊಡೆಯೋ ಕಣ್ಣು ಕಣೇ ಅದು."

ಹಾಸಿಗೆಯಿಂದ ಸಣ್ಣ ಸ್ವರ ಬಂತು: "ಅಪ್ಪಾ, ನನ್ನ ಮಾನ ನೋಯತ್ತೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೇಣುದ್ದದ ಹುಡುಗಿ, ಅದಕ್ಕೂ ಒಂದು ಮಾನ, ಆ ಮಾನಕ್ಕೊಂದು ನೋವು! ಹಿಂದಿನ ದಿನ ಅವಳ ಅಮ್ಮ ನಾಲ್ಕು ಜನರ ಎದುರು ಗದರಿದ್ದಳು. "ಮಗಳ ಮಾನ ಕಳೆದವಳು ನೀನೇ, ಅದಕ್ಕೇ ಈ ಜ್ವರ," ಎಂದು ಅಮ್ಮಣ್ಣಿಯ ತಲೆಗೆ ಕಟ್ಟಿದೆ. ಶಾಮಲಾ ಇನ್ನೊಂದು ಸಲ ಅದನ್ನೇ ಹೇಳಿದಳು. ನಾನು ಇನ್ನೊಂದು ಸಲ ನಕ್ಕು ಆಫೀಸಿಗೆ ಲೋಕಲ್ ರೈಲು ಹಿಡಿದೆ.

ಆಫೀಸಿನಲ್ಲಿ ನಮ್ಮೂರಿನವನೇ ಆದ ಜಯಸಿಂಹನಿಗೆ ಹೇಳಿದೆ. ಅವನು ಮೇಜು ಕುಟ್ಟಿ ನಕ್ಕ. ಮಧ್ಯಾಹ್ನ ಮನೆಗೆ ಬಂದರೆ ಪಕ್ಕದ ಖೋಲಿಯ ಗಂಗುಬಾಯಿ ಮಗುವಿನ ಬಳಿ ಕೂತಿದ್ದರು. ಬೆಳಗಾವಿಯವರು, ಕನ್ನಡ ಮರಾಠಿ ಎರಡೂ ಅವರಿಗೆ ಮನೆಮಾತೇ. ಶಾಮಲಾ ಮಾತು ನಿಲ್ಲಿಸಿ ಮಂಪರಿನಲ್ಲಿದ್ದಳು. ನಿದ್ದೆ ಬಂದಿದೆ, ಒಳ್ಳೆಯದೇ ಆಯಿತು ಎಂದುಕೊಂಡು ಗಂಗುಬಾಯಿಗೂ ಮಾನದ ಕಥೆ ಹೇಳಿದೆ.

ಅವರು ನಗಲಿಲ್ಲ.

"ಏನ್ರೀ, ಕಲಿತವ್ರು ನೀವು. ಮರಾಠಿಯೊಳಗ ಮಾನ ಅಂದ್ರ ಕುತ್ತಿಗಿ. ಚಾಳಿನ ಹುಡುಗರ ಜೋಡಿ ಆಡಿ ಆಡಿ ಕೂಸಿಗೆ ಅದೇ ಮಾತು ಬರ್ತದ. ಕುತ್ತಿಗಿ ನೋಯ್ತದ ಅಂತ ಹೇಳೇದ್ರೀ ಅದು."

ಮಗುವಿನ ತಲೆಯನ್ನು ಮೆಲ್ಲಗೆ ಹಿಡಿದು ಎತ್ತಿ ನೋಡಿದೆ. ಕುತ್ತಿಗೆ ಬಗ್ಗಲಿಲ್ಲ, ಭುಜವೂ ಜೊತೆಗೇ ಮೇಲೆದ್ದಿತು. ಮಗುವನ್ನು ಹೊತ್ತುಕೊಂಡು ಬರಿಗಾಲಲ್ಲಿ ಸ್ಟೇಷನ್ ಬಳಿಯ ಡಾಕ್ಟರ ಹತ್ತಿರ ಓಡಿದೆ. ಅಮ್ಮಣ್ಣಿ ಹಿಂದೆಯೇ ಓಡಿ ಬಂದಳು.

ಡಾಕ್ಟರು ಮಂಗಳೂರಿನ ಕಡೆಯವರು. ನೋಡಿದವರೇ, ಮಿದುಳಿನ ಪೊರೆಗೆ ಬಾವು ಬಂದಿದೆ, ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಆಮೇಲೆ ಕೇಳಿದರು: "ಕುತ್ತಿಗೆ ನೋವು ಅಂತ ಮಗು ಹೇಳಲೇ ಇಲ್ವಾ?"

"ಹೇಳಿದ್ಲು," ಎಂದಳು ಅಮ್ಮಣ್ಣಿ, ನನ್ನ ಮುಖ ನೋಡದೆ. "ಎರಡು ಸಲ ಹೇಳಿದ್ಲು."

ಹದಿನಾಲ್ಕು ದಿನ ಪೆನಿಸಿಲಿನ್ ಸೂಜಿ ಚುಚ್ಚಿಸಿಕೊಂಡು ಮಗಳು ಉಳಿದಳು. ಇನ್ನು ಅರ್ಧ ದಿನ ತಡವಾಗಿದ್ದರೆ ಎಂದು ಆಸ್ಪತ್ರೆಯವರು ಶುರು ಮಾಡಿದ ಮಾತನ್ನು ಪೂರ್ತಿ ಮಾಡಲಿಲ್ಲ. ನಾನು ಮಾತ್ರ ಅದನ್ನು ಇವತ್ತಿಗೂ ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡು ಬೆವರುತ್ತೇನೆ. ಕೂಸು ನೋವೆಂದಾಗ ನಕ್ಕವನು ನಾನು. ಅದಕ್ಕೆ ಯಾವ ಸೂಜಿಯೂ ಇಲ್ಲ.

ಆಮೇಲೆ ಹಟ ಹಿಡಿದು ಮರಾಠಿ ಕಲಿತೆ. ಮೊನ್ನೆ ಶಾಮಲಾ ಕೆನ್ನೆ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದಳು. ಎದ್ದುಬಿದ್ದು ಓಡಿ, ಒಳ್ಳೆಯ ಮರಾಠಿಯಲ್ಲೇ, ಎಲ್ಲಿ ನೋವು ಎಂದು ಕೇಳಿದೆ.

ಮಗಳು ಅಚ್ಚಗನ್ನಡದಲ್ಲಿ ಹೇಳಿದಳು: "ಅಮ್ಮನ್ನ ಕರಿ. ನಿಂಗೆ ಹೇಳಿದ್ರೆ ನೀನು ನಗ್ತೀಯ."