ಬರ್ಲಿನ್ನಿನ ಬಾಡಿಗೆದಾರ

ಪಾಂಡವಪುರದ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಸುಬ್ರಹ್ಮಣ್ಯ ಮೇಷ್ಟ್ರು ಅವತ್ತು ಆ ಉದಾಹರಣೆ ಕೊಡದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಶೀತಲ ಸಮರದ ಪಾಠ. ಹಿಟ್ಲರನನ್ನು ಸೋಲಿಸುವ ತನಕ ಹೆಗಲಿಗೆ ಹೆಗಲು ಕೊಟ್ಟಿದ್ದ ಅಮೆರಿಕ, ರಷ್ಯಾಗಳು ಗೆದ್ದ ಮೇಲೆ ಯಾಕೆ ಹಲ್ಲು ಮಸೆದವು ಎಂದು ವರ್ಷಾವರ್ಷ ಹೇಳಿ ಹೇಳಿ ಮೇಷ್ಟ್ರು ದಣಿದಿದ್ದರು. ಮಕ್ಕಳು ಕೇಳಿ ಕೇಳಿ ಇನ್ನಷ್ಟು ದಣಿದಿದ್ದರು. ಮುಂದಿನ ಬೆಂಚಿನ ಜಾಣೆ ಚೈತನ್ಯಳ ತಲೆ ಕೂಡ ತೆನೆಗಟ್ಟಿದ ಬತ್ತದಂತೆ ಬಾಗತೊಡಗಿತ್ತು.

"ಜರ್ಮನಿ ಬೇಡ ಕಣ್ರೋ, ನಮ್ಮ ಬೀದೀನೇ ತಗೊಳ್ಳಿ" ಎಂದರು ಮೇಷ್ಟ್ರು.

ಅವರ ಬಾಡಿಗೆ ಮನೆಯ ಎಡಕ್ಕೆ ಪಂಪುಸೆಟ್ ಅಂಗಡಿಯ ನಿಂಗರಾಜು, ಬಲಕ್ಕೆ ಆಲೆಮನೆಯ ಶಿವಲಿಂಗಯ್ಯ. ಊರ ಹಾಲಿನ ಡೈರಿಯ ಅಧ್ಯಕ್ಷಗಿರಿಯಲ್ಲಿ ಹುಣಸೆಮರದಂತೆ ಬೇರುಬಿಟ್ಟಿದ್ದ ದಾಸಯ್ಯನನ್ನು ಕೀಳಲು ಈ ಇಬ್ಬರೂ ಒಂದಾಗಿದ್ದರು. ಆ ಸ್ನೇಹದ ಉಮೇದಿನಲ್ಲಿ ನಡುವಿನ ಮನೆಯನ್ನು ಜಂಟಿಯಾಗಿ ಕೊಂಡೂ ಬಿಟ್ಟಿದ್ದರು. ದಾಸಯ್ಯ ಇಳಿದ. ಖಾಲಿಯಾದ ಕುರ್ಚಿ ಯಾರಿಗೆ ಎನ್ನುವಲ್ಲಿ ಸ್ನೇಹವೂ ಮುಗಿಯಿತು. ಮೇಷ್ಟ್ರು ವಾಸವಿದ್ದದ್ದು ಆ ಜಂಟಿ ಮನೆಯಲ್ಲೇ. ಅದರ ತಾರಸಿ ಸೋರುತ್ತಿತ್ತು. ನಿಂಗರಾಜು ಗಾರೆ ಕೆಲಸದವನನ್ನು ಕಳಿಸಿದರೆ ಶಿವಲಿಂಗಯ್ಯ ಏಣಿ ಕಿತ್ತುಕೊಂಡು ಓಡಿಸುತ್ತಿದ್ದ. ಶಿವಲಿಂಗಯ್ಯ ಕಳಿಸಿದರೆ ನಿಂಗರಾಜು ಸಿಮೆಂಟು ಚೀಲಕ್ಕೆ ನೀರು ಸುರಿಯುತ್ತಿದ್ದ.

"ದಾಸಯ್ಯನೋರು ಹಿಟ್ಲರ್ ಅಂತಿಟ್ಕೊಳ್ಳಿ. ನಮ್ಮನೆ ಬರ್ಲಿನ್. ಹೋದ ಬೇಸಿಗೇಲಿ ಶಿವಲಿಂಗಯ್ಯನೋರು ವಾಲ್ವ್ ತಿರುಗಿಸಿ ನಮಗೆ ನೀರು ನಿಲ್ಸಿದ್ರು. ರಷ್ಯಾ ಬರ್ಲಿನ್ನಿನ ದಾರಿಗಳನ್ನೆಲ್ಲ ಮುಚ್ಚಿದ್ದೂ ಹಾಗೇ. ಆಗ ನಿಂಗರಾಜು ಅವರ ತಾರಸಿಯಿಂದ ನಮ್ಮ ತಾರಸಿಗೆ ಪೈಪು ಎಸೆದು ನೀರು ಕೊಟ್ರು. ಅಮೆರಿಕ ವಿಮಾನದಲ್ಲಿ ಹಿಟ್ಟು, ಕಲ್ಲಿದ್ದಲು ತಂದು ಇಳಿಸ್ತಲ್ಲ, ಹಾಗೆ. ನಮ್ಮ ಮೇಲಿನ ಪ್ರೀತಿಗಲ್ಲ, ಆ ಕಡೆಯವರಿಗೆ ಉರೀಲಿ ಅಂತ."

ತರಗತಿ ಎದ್ದು ಕೂತಿತು. ನಕ್ಕಿತು. ಯಾರೋ ಮೊಬೈಲಿನಲ್ಲಿ ಹಿಡಿದೂ ಬಿಟ್ಟರು.

ಊಟದ ಹೊತ್ತಿಗೆ ಪ್ರಿನ್ಸಿಪಾಲ್ ಮೋಹನ್ ಕುಮಾರ್ ಕರೆಸಿದರು. "ಸಿಲಬಸ್ಸಿನಲ್ಲಿ ಡೈರಿ ಎಲ್ಲಿದೆ ತೋರ್ಸ್ರಿ. ನಮ್ಮ ಮನೇಗೂ ಅದೇ ಡೈರಿ ಹಾಲು ಬರೋದು."

ಮೇಷ್ಟ್ರು ಹೊರಗೆ ಬರುತ್ತಲೇ ಫೋನು ಹೊಡೆದುಕೊಂಡಿತು. ದಾಸಯ್ಯ.

"ಏನ್ ಮೇಷ್ಟ್ರೇ, ನನ್ನ ಹಿಟ್ಲರ್ ಅಂದ್ರಂತೆ?"

"ತಪ್ಪಾಯ್ತು ದಾಸಯ್ಯನೋರೇ, ಅದು ಬರೀ..."

"ಅದಿರ್ಲಿ ಬುಡಿ, ದೊಡ್ ಮನ್ಸನೇ ಅಂತೆ. ಆದ್ರೆ ಅವ್ನು ಸತ್ತೋದ ಅಂತ್ಲೂ ಯೋಳ್ಬುಟ್ರಂತಲ್ಲಾ! ಬೆಳಗಿಂದ ಮೂರು ಜನ ನೆಂಟ್ರು ಬಂದು ಮಾತಾಡ್ಸ್ಕೊಂಡು ಹೋದ್ರು ಕಣ್ರೀ!"

ಸಂಜೆ ಮೇಷ್ಟ್ರು ಗಾಣದಿಂದ ಬಂದ ಕಬ್ಬಿನ ಸಿಪ್ಪೆಯಾಗಿ ಬೀದಿಗೆ ಕಾಲಿಟ್ಟರು. ನಿಂಗರಾಜುವಿನ ಅಂಗಡಿಯಲ್ಲಿ ಅವರದೇ ದನಿ ಸ್ಪೀಕರಿನಲ್ಲಿ ಮೊಳಗುತ್ತಿತ್ತು.

"ಬನ್ನಿ ಮೇಷ್ಟ್ರೇ!" ನಿಂಗರಾಜು ಕುರ್ಚಿ ಎಳೆದ. "ನನ್ನ ಅಮೆರಿಕ ಮಾಡ್ಬುಟ್ರಿ! ಬೆಳಗಿಂದ ಅಂಗ್ಡೀಲಿ ಜನವೋ ಜನ. ಲೇ, ಮೇಷ್ಟ್ರಿಗೊಂದು ಟೀ ಹೇಳ್ಲಾ!"

ಟೀ ಬರುವ ಮೊದಲೇ ಮೇಷ್ಟ್ರು ಜಾರಿಕೊಂಡರು. ಗೇಟಿನ ಬಳಿ ಶಿವಲಿಂಗಯ್ಯ ಕಾಯುತ್ತಿದ್ದ. ಮುಖ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನಂತಿತ್ತು.

"ರಷ್ಯಾ ಚೂರುಚೂರಾಗೋಯ್ತಂತಲ್ಲಾ ಮೇಷ್ಟ್ರೇ? ಅಂಗಾರೆ ನನ್ ಆಲೆಮನೇನೂ ಮುಚ್ಚೋಗ್ಲಿ ಅಂತಾನಾ?"

"ಛೆ ಛೆ! ಯಾರೋ ಅರ್ಧಂಬರ್ಧ ಕೇಳಿಸ್ಕೊಂಡಿದಾರೆ." ಮೇಷ್ಟ್ರಿಗೆ ಒಳಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. "ನಿಜ ಹೇಳ್ಬೇಕು ಅಂದ್ರೆ ನೀವೇ ಅಮೆರಿಕ."

ಶಿವಲಿಂಗಯ್ಯ ಅರಳಿದ. ಅರಳಿದವನು ಸುಮ್ಮನಿರದೆ ಬೀದಿಯ ನಡುವೆ ನಿಂತು ಕೂಗಿದ: "ಕೇಳಿಸ್ಕೊಳ್ರಪ್ಪೋ, ನಾನೇ ಅಮೆರಿಕ ಅಂತೆ! ಮೇಷ್ಟ್ರು ಈಗಷ್ಟೇ ಯೋಳುದ್ರು!"

ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚುವಷ್ಟರಲ್ಲಿ ಬಾಗಿಲು ದಡದಡ ಬಡಿಯಿತು. ಹೆಂಡತಿ ವೀಣ ಕಿಟಕಿಯಿಂದ ಇಣುಕಿದಳು. "ಎರಡೂ ಕಡೆಯೋರೂ ಬಂದಿದಾರೆ ಕಣ್ರೀ. ಹಿಂದ್ಗಡೆ ಅರ್ಧ ಊರಿದೆ."

ಹೊರಗೆ ಹರಿಕಥೆಗೆ ಸೇರಿದಷ್ಟು ಜನ. ವರ್ಷಗಳ ಮೇಲೆ ಅಕ್ಕಪಕ್ಕ ನಿಂತಿದ್ದರೂ ನಿಂಗರಾಜು, ಶಿವಲಿಂಗಯ್ಯ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಯಾರು ಅಮೆರಿಕ ಅಂತ ಇವತ್ತು ಇತ್ಯರ್ಥ ಆಗ್ಬುಡ್ಲಿ" ಎಂದ ನಿಂಗರಾಜು.

"ಆಗ್ಬುಡ್ಲಿ!" ಎಂದ ಶಿವಲಿಂಗಯ್ಯ, ಬಾಗಿಲಿಗೆ.

ಸುಳ್ಳು ಹೇಳಲೂ ಶಕ್ತಿ ಬೇಕು. ಮೇಷ್ಟ್ರಲ್ಲಿ ಅದು ಉಳಿದಿರಲಿಲ್ಲ. ಅವರು ಜಗಲಿಯ ಮೇಲೆ ಕುಸಿದು ಕೂತರು.

"ಯಾರಾದ್ರೆ ಏನ್ರಪ್ಪ? ಯುದ್ಧದ ಕೊನೇಲಿ ಜರ್ಮನಿಯ ಒಂದು ಹೊಳೆ ದಂಡೇಲಿ ಎರಡೂ ಕಡೆ ಸಿಪಾಯಿಗಳು ಎದುರಾದ್ರು. ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. ತಬ್ಬಿಕೊಂಡ್ರು, ಕುಡಿದ್ರು, ಕುಣಿದ್ರು. ಇನ್ನು ಜಗಳ ಅನ್ನೋದೇ ಇಲ್ಲ ಅಂದ್ಕೊಂಡ್ರು. ಆಮೇಲೆ? ಇವನೆಲ್ಲಿ ನನ್ನ ಮೀರಿಸ್ತಾನೋ ಅಂತ ಅವನಿಗೆ ಭಯ, ಅವನೆಲ್ಲಿ ಮೀರಿಸ್ತಾನೋ ಅಂತ ಇವನಿಗೆ ಭಯ. ಇದ್ದದ್ದನ್ನೆಲ್ಲ ಬಾಂಬಿಗೆ ಸುರಿದು ಇಬ್ರೂ ನಿದ್ದೆಗೆಟ್ರು. ಎದುರುಬದುರಾಗಿ ಒಂದು ಸಲ ಹೊಡೆದಾಡಲೂ ಇಲ್ಲ, ನೆಮ್ಮದಿಯಾಗಿ ಇರಲೂ ಇಲ್ಲ. ನಡುವೆ ಸಿಕ್ಕಿದೋರು ನರಳಿದ್ರು. ಅಷ್ಟೇ ಪಾಠ. ನಂಗೆ ಸಾಕಾಗಿದೆ."

ಶಿವಲಿಂಗಯ್ಯ ನಿಂಗರಾಜುವಿನ ಕಡೆ ತಿರುಗಿದ.

"ದಾಸಯ್ಯನ್ನ ಇಳಿಸಿದ್ ದಿವ್ಸ ನಮ್ ಆಲೆಮನೇಲಿ ಬಿಸಿ ಬೆಲ್ಲಕ್ಕೆ ಕಾಯಿ ಕಲ್ಸ್ಕೊಂಡು ತಿಂದ್ವಲ್ಲ ನಿಂಗ, ಗೆಪ್ತಿ ಐತಾ?"

ನಿಂಗರಾಜು ನೆಲ ನೋಡಿದ. "ನನ್ ನಾಲ್ಗೆ ಸುಟ್ಟೋಯ್ತು. ನೀನೇ ಊದಿ ಊದಿ ಕೊಟ್ಟೆ ಕಣಣ್ಣ."

ಮುಂದಿನದಕ್ಕೆ ಭಾಷೆ ಬೇಕಾಗಲಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವೀಣ ಕಾಫಿ ತಂದಳು. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಇತಿಹಾಸದಿಂದ ಒಬ್ಬರಿಗಾದರೂ ಉಪಯೋಗವಾದದ್ದನ್ನು ಸುಬ್ರಹ್ಮಣ್ಯ ಕಣ್ಣಾರೆ ಕಂಡರು. ದಣಿವಿನಲ್ಲೂ ಎದೆ ಉಬ್ಬಿತು.

"ಅಂತೂ ಇನ್ನು ಈ ತಾರಸಿಗೆ ರಿಪೇರಿ ಭಾಗ್ಯ ಬಂತು" ಎಂದರು ನಗುತ್ತ.

ಇಬ್ಬರೂ ತಲೆಯೆತ್ತಿ ತಾರಸಿ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ರಿಪೇರಿ ಯಾಕೆ ಮೇಷ್ಟ್ರೇ?" ಎಂದ ಶಿವಲಿಂಗಯ್ಯ. "ನಾವೀಗ ಒಂದಾದ್ವಲ್ಲ, ಕೆಡವ್ಬುಡಾನ. ಕೆಳ್ಗಡೆ ನಿಂಗನ ಪಂಪುಸೆಟ್ಟು, ಮೇಲ್ಗಡೆ ನನ್ ಬೆಲ್ಲದ ಗೋಡೋನು. ಒಳ್ಳೇ ಕಾಂಪ್ಲೆಕ್ಸ್ ಎದ್ ನಿಂತ್ಕತದೆ."

"ನನ್ ಮನಸ್ನಾಗಿದ್ದುದ್ನೇ ಅಂದ್ಬುಟ್ಟೆ ಕಣಣ್ಣ!" ಎಂದ ನಿಂಗರಾಜು.

ಮೇಷ್ಟ್ರ ಲೋಟ ಅರ್ಧದಲ್ಲೇ ನಿಂತಿತು. ಇಷ್ಟು ವರ್ಷ ಈ ಮನೆಯಿಂದ ತಮ್ಮನ್ನು ಯಾರೂ ಕದಲಿಸದೆ ಇದ್ದದ್ದು ಇವರಿಬ್ಬರ ಹಗೆಯ ಕೃಪೆ ಎಂಬುದು ಆಗಷ್ಟೇ ಅವರಿಗೆ ಹೊಳೆಯಿತು. ಇತಿಹಾಸ ಓದಿದ ಮನುಷ್ಯ. ಎಲ್ಲಿ ಕಿಡಿ ಇಡಬೇಕೆಂದು ಗೊತ್ತಿತ್ತು. ಕೊನೆಯ ಶಕ್ತಿ ಕೂಡಿಸಿ, ಸಹಜವಾಗಿ ಎಂಬಂತೆ ಕೇಳಿದರು:

"ಬಹಳ ಸಂತೋಷ. ಕಾಂಪ್ಲೆಕ್ಸಿಗೆ ಹೆಸರು... ಯಾರದು ಇಡ್ತೀರಿ?"

ನಿಂಗರಾಜುವಿನ ಹುಬ್ಬು ಗಂಟಾಯಿತು. ಶಿವಲಿಂಗಯ್ಯನ ಮೀಸೆ ಅದುರಿತು. ಮೇಷ್ಟ್ರು ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊತ್ತರು.

ಶಿವಲಿಂಗಯ್ಯ ಬಾಗಿ ನಿಂಗರಾಜುವಿನ ಕಿವಿಯಲ್ಲಿ ಏನೋ ಹೇಳಿದ. ನಿಂಗರಾಜು ತಲೆಯಾಡಿಸಿದ.

"ನಮ್ಮಿಬ್ರುದೂ ಬ್ಯಾಡ" ಎಂದ ಶಿವಲಿಂಗಯ್ಯ, ಕೈ ಮುಗಿದು. "ನಮ್ಮನ್ನ ಒಂದು ಮಾಡ್ದೋರು ನೀವು. ಸುಬ್ರಹ್ಮಣ್ಯ ಮೇಷ್ಟ್ರ ಕಾಂಪ್ಲೆಕ್ಸ್ ಅಂತ್ಲೇ ಇಡ್ತೀವಿ."

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

"ಆಷಾಢ ಬರಕ್ ಮುಂಚೆ ಖಾಲಿ ಮಾಡ್ಬುಡಿ ಮೇಷ್ಟ್ರೇ" ಎಂದ ನಿಂಗರಾಜು, ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬು ಪ್ರೀತಿಯಿಂದ. "ಆಷಾಢದಲ್ಲಿ ಮನೆ ಬದಲಾಯ್ಸುದ್ರೆ ನಿಮಗೆ ಒಳ್ಳೇದಾಗಕಿಲ್ಲ."